ಮೆಲ್ಲಗೆ ಹೇಳಬೇಕಾದ ಮಾತು

"ನಿನ್ನೆ ಡ್ರೈವಿಂಗ್ ಸ್ಕೂಲಿಗೆ ಫೋನ್ ಮಾಡಿದ ಮಹಾನುಭಾವರು ಯಾರ್ರೀ? ನೀವೇನಾ?"

'ಸರ್ಜರಿ ಡೆಸ್ಕ್' ಎಂಬ ಬೋರ್ಡಿನ ಕೆಳಗೆ ಕುಳಿತಿದ್ದವನು ತಲೆಯೆತ್ತಿದ. ಎದುರಿಗೆ ನಿಂತವಳ ಮುಖ ಬಿಳಿಚಿಕೊಂಡಿತ್ತು, ಕಣ್ಣು ಮಾತ್ರ ಕೆಂಡ! ಅವಳು ಕಾರಿನ ಕೀಲಿಯನ್ನು ಕೌಂಟರಿನ ಮೇಲೆ ಟಪ್ಪನೆ ಇಟ್ಟ ಸದ್ದಿಗೆ, ಕಾಯುತ್ತಾ ಕುಳಿತಿದ್ದವರೆಲ್ಲ ಮೊಬೈಲಿನಿಂದ ಕಣ್ಣು ಕಿತ್ತು ಇತ್ತ ನೋಡಿದರು.

"ಮೇಡಂ, ದಯವಿಟ್ಟು ಒಳಗಿನ ರೂಮಿಗೆ ಬನ್ನಿ. ಇಲ್ಲಿ ಜನ ಇದ್ದಾರೆ..." ಅವನು ಎದ್ದು ನಿಂತು ದನಿ ತಗ್ಗಿಸಿದ.

"ಓಹೋ! ಇಲ್ಲಿ ಜನ ಇದ್ದಾರಾ? ನಿನ್ನೆ ಅಲ್ಲಿ ಇದ್ದಿದ್ದೇನು, ಕುರಿಗಳಾ? ಈಗ ನೆನಪಾಯ್ತಾ ನನ್ನ ಮಾನ ಮರ್ಯಾದೆ?"

ಅವಳಿಗೆ ಅಷ್ಟು ಸಿಟ್ಟು ಬಂದದ್ದರಲ್ಲಿ ತಪ್ಪೇನಿತ್ತು ಹೇಳಿ? ನಿಮಗಾಗಿದ್ದರೆ ನೀವು ಕೌಂಟರಿನ ಗಾಜನ್ನೇ ಒಡೆಯುತ್ತಿದ್ದಿರಿ.

ಅವಳು ಕಾರು ಕಲಿಸುವವಳು. ಕಲಿಯುವವರ ಪಕ್ಕದಲ್ಲಿ ಕುಳಿತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ಸರಿಯಾದ ಹೊತ್ತಿಗೆ ಒತ್ತುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಎಲ್ಲರಿಗೂ ಅವಳು 'ಬ್ರೇಕ್ ಮೇಡಂ'. ತಿಂಗಳುಗಟ್ಟಲೆ ಹೊಟ್ಟೆನೋವು, ರಕ್ತಸ್ರಾವ ನುಂಗಿಕೊಂಡು ಓಡಾಡಿ, ಕೊನೆಗೆ ಈ ಆಸ್ಪತ್ರೆಗೆ ಬಂದಿದ್ದಳು. ಗರ್ಭಕೋಶದಲ್ಲಿ ಗಡ್ಡೆ, ತೆಗೆಸಲೇಬೇಕು ಎಂದರು. ಶುಕ್ರವಾರ ಬಾ ಎಂದರು. ಅವಳು ಕಾರಣ ಹೇಳದೆ ರಜೆ ಕೇಳಿಟ್ಟಳು. ಮನೆಯಲ್ಲಿ ಅಣ್ಣನಿಗೂ ಹೇಳಲಿಲ್ಲ, ಅತ್ತಿಗೆಗೂ ಹೇಳಲಿಲ್ಲ. ಅಣ್ಣನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಇಡೀ ಬೀದಿಗೆ ಹಂಚಿಹೋಗುತ್ತಿತ್ತು. ಆಸ್ಪತ್ರೆಯವರು ಎರಡನೇ ನಂಬರ್ ಬೇಕೇ ಬೇಕು ಎಂದಾಗ ಅದಕ್ಕೇ ಡ್ರೈವಿಂಗ್ ಸ್ಕೂಲಿನದ್ದು ಕೊಟ್ಟಿದ್ದಳು.

ಆದರೆ ಬುಧವಾರ ಅವಳು ಮೊಬೈಲ್ ಆಫ್ ಮಾಡಿಟ್ಟು ರಸ್ತೆಯ ಮೇಲೆ ಪಾಠ ಹೇಳುತ್ತಿದ್ದಾಗ ಸ್ಕೂಲಿನ ಫೋನ್ ರಿಂಗಾಯಿತು. ಫೋನ್ ಕಿವಿಗಿಟ್ಟರೆ ಮಿದುಳು ಕಾಯುತ್ತದೆ ಎಂದು ನಂಬಿರುವ ಮಾಲೀಕರು ಎಂದಿನಂತೆ ಸ್ಪೀಕರಿಗೆ ಹಾಕಿದರು. ಎದುರಿಗೆ ಸಿಗ್ನಲ್ ಪಾಠಕ್ಕೆ ಕುಳಿತ ಅಷ್ಟೂ ಜನ.

"ಸರ್ಜರಿ ಡೆಸ್ಕಿಂದ! ಗರ್ಭಕೋಶದ ಗಡ್ಡೆ ತೆಗೆಸ್ಕೊಳ್ಳೋಕೆ ಬರಬೇಕಿತ್ತಲ್ಲ ನಿಮ್ಮಲ್ಲಿ ಕಾರು ಕಲಿಸೋ ಆ ಹುಡುಗಿ, ಎಲ್ಲಿ? ಥಿಯೇಟರ್ ರೆಡಿ ಮಾಡ್ಕೊಂಡು ಕಾಯ್ತಾ ಇದ್ದೀವಿ. ಬರಲ್ಲ ಅಂತ ಹೇಳೋಕೇನು ರೋಗ? ಮೈಯಲ್ಲಿ ರಕ್ತ ಇಲ್ಲ, ಊರೂರು ಸುತ್ತೋದು ಬೇರೆ!"

ಇಷ್ಟು ಮಾತು! ಅದೂ ಯಾರು ಎತ್ತಿದರು, ಏನು ಎಂದು ಒಂದು ಮಾತೂ ಕೇಳದೆ!

ಅವಳು ಕಾರು ನಿಲ್ಲಿಸಿ ಒಳಗೆ ಬಂದಾಗ ಎಲ್ಲರ ಮುಖದಲ್ಲೂ ಒಂದೇ ಭಾವ... ಅಯ್ಯೋ ಪಾಪ! ಬೈದಿದ್ದರೆ ಸಹಿಸುತ್ತಿದ್ದಳು. ಆ 'ಪಾಪ' ಮಾತ್ರ ಚರ್ಮ ಸುಲಿದ ಹಾಗಾಗಿತ್ತು.

"ನನಗೆ ಕೊಟ್ಟಿದ್ದು ಶುಕ್ರವಾರ. ಇನ್ನೂ ಬಂದೇ ಇಲ್ಲ ಆ ಶುಕ್ರವಾರ! ಬುಧವಾರ ನಾನು ಹೇಗ್ರೀ ತಪ್ಪಿಸ್ಕೊಂಡಂಗಾಯ್ತು?" ಕೌಂಟರಿನ ಮುಂದೆ ಅವಳು ಕೀಲಿಯನ್ನು ಇನ್ನೊಮ್ಮೆ ಕುಟ್ಟಿದಳು.

ಅವನ ಹುಬ್ಬು ಗಂಟಿಕ್ಕಿತು. "ತಾರೀಖು ಬದಲಾಗಿದ್ದು ನಿಮಗೆ ಯಾರೂ ಹೇಳಲೇ ಇಲ್ವಾ?"

ಆ ಆಸ್ಪತ್ರೆಯ ಪದ್ಧತಿಯೇ ಹಾಗಿತ್ತು. ಸರ್ಜನ್ ಸಾಹೇಬರು ವಾರ್ಡು ಸುತ್ತುವಾಗ ನಡೆಯುತ್ತಲೇ ಅವರದ್ದನ್ನು ಇವರಿಗೆ, ಇವರದ್ದನ್ನು ಅವರಿಗೆ ಬದಲಾಯಿಸಿ, ಎದುರಿಗೆ ಸಿಕ್ಕವರಿಗೆ "ತಿಳಿಸಿಬಿಡಿ" ಎಂದು ಹೋಗಿಬಿಡುತ್ತಿದ್ದರು. ನರ್ಸ್ ಡೆಸ್ಕಿನವರು ಹೇಳುತ್ತಾರೆ ಎಂದುಕೊಳ್ಳುತ್ತಿದ್ದಳು. ಡೆಸ್ಕಿನವನಿಗೆ ಗೊತ್ತೇ ಇರುತ್ತಿರಲಿಲ್ಲ. ಕೊನೆಗೆ 'ಬರಲಿಲ್ಲ' ಎಂಬ ಅಪವಾದ ಮಾತ್ರ ರೋಗಿಯ ತಲೆಗೆ!

"ಫೋನ್ ಮಾಡಿದ್ದು ನೀವು ತಾನೆ?" ಅವಳು ಬಿಡಲಿಲ್ಲ.

"ಫೋನ್ ನನ್ನ ಮೇಜಿಂದ ಹೋಗಿದೆ ಮೇಡಂ. ಹಾಗಾಗಿ ತಪ್ಪು ನನ್ನದೇ. ಕ್ಷಮಿಸಿ."

"ಇದೆಂಥಾ ಉತ್ತರ? ಮಾಡಿದ್ರಾ, ಇಲ್ವಾ?"

"ಆ ಹೊತ್ತಿಗೆ ನಾನು ಮೇಜಲ್ಲಿ ಇರಲಿಲ್ಲ."

"ಮತ್ತೆಲ್ಲಿದ್ರಿ?"

ಅವನು ಮೇಜಿನ ಮೇಲಿನ ಫೈಲುಗಳನ್ನು ಸರಿಮಾಡತೊಡಗಿದ.

"ಎಲ್ಲಿದ್ರಿ ಅಂತ ಕೇಳಿದ್ದು!"

"ಅದನ್ನ ಹೇಳೋಕಾಗಲ್ಲ."

ಸುಳ್ಳುಗಾರ! ಎಷ್ಟು ಸಲೀಸಾಗಿ ತಲೆ ತಗ್ಗಿಸ್ತಾನೆ ನೋಡು... ಅವಳ ಮೈಯೆಲ್ಲ ಉರಿದುಹೋಯಿತು.

"ನಾಳೆಯ ಜಾಗಕ್ಕೆ ಬೇರೆಯವರನ್ನ ಹಾಕಿದ್ದಾರೆ. ಮುಂದಿನ ಬುಧವಾರ ನಿಮಗೇ ಅಂತ ಇಟ್ಟಿರ್ತೀನಿ. ನನ್ನ ಮೇಲಿನ ಸಿಟ್ಟಿಗೆ ದಯವಿಟ್ಟು ಆಪರೇಷನ್ ಬಿಡಬೇಡಿ. ನಿಮ್ಮ ಪರಿಸ್ಥಿತಿ..." ಅವನು ಸುತ್ತ ನೋಡಿ ಮಾತು ನುಂಗಿದ.

"ನಿಮ್ಮ ಈ ಆಸ್ಪತ್ರೇಲಿ ಮಲಗೋದಕ್ಕಿಂತ ಹಾಗೇ ಸಾಯ್ತೀನಿ!"

ಕೀಲಿ ಕಿತ್ತುಕೊಂಡು ತಿರುಗಿದಳು. ಬಾಗಿಲ ಹತ್ತಿರ ಕಾಲು ಸೋತಿತು, ಕಣ್ಣಿಗೆ ಕತ್ತಲೆ ಕವಿಯಿತು. ಗೋಡೆ ಹಿಡಿಯಲು ಕೈ ಚಾಚಿದಾಗ ಅಲ್ಲೊಂದು ಕುರ್ಚಿ ಬಂದು ನಿಂತಿತ್ತು. ಅವನು ಅದನ್ನು ಸದ್ದಿಲ್ಲದೆ ಅವಳ ಹಿಂದೆ ಸರಿಸಿ, ತನಗೂ ಇದಕ್ಕೂ ಸಂಬಂಧವೇ ಇಲ್ಲದವನಂತೆ ಗೋಡೆಯ ಗಡಿಯಾರ ನೋಡುತ್ತಾ ನಿಂತಿದ್ದ. 'ಏನಾಯ್ತು' ಎಂದು ಕೇಳಿ ನಾಲ್ಕು ಜನರನ್ನು ಸೇರಿಸಲಿಲ್ಲ.

ಅವಳು ಕುಳಿತಳು. ಉಸಿರು ಬಂದ ಮೇಲೆ ಎದ್ದು ಹೋದಳು. ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು?

ಆದರೂ ಆ ಕುರ್ಚಿ ಅವಳ ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು.

*

"ನೀನು ಕೌಂಟರಲ್ಲೇ ಕೂತ್ಕೋಮ್ಮ. ರೋಡಿಗೆ ಬೇಡ." ಮಾಲೀಕರು ಅವಳ ಕೈಯಿಂದ ಕೀಲಿ ತೆಗೆದುಕೊಂಡರು.

"ಸರ್, ಆಪರೇಷನ್ ದಿನದವರೆಗೂ ಕೆಲಸ ಮಾಡಬಹುದು ಅಂತ ಡಾಕ್ಟರೇ ಹೇಳಿದ್ದಾರೆ."

"ಅಲ್ಲಮ್ಮ, ಬ್ರೇಕ್ ಒತ್ತೋ ಹೊತ್ತಿಗೆ ತಲೆ ತಿರುಗಿದ್ರೆ? ಇಬ್ಬರು ಆಗಲೇ ಬೇರೆಯವರು ಕಲಿಸ್ಲಿ ಅಂತಿದ್ದಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಬಿಸಿನೀರು ಕುಡೀತೀಯಾ?"

ಬಿಸಿನೀರಂತೆ! ಹೊಟ್ಟೆಯೊಳಗಿನ ಗಡ್ಡೆಗಿಂತ ಈ ಒಳ್ಳೆಯತನವೇ ಹೆಚ್ಚು ನೋಯಿಸುತ್ತಿತ್ತು. ಅವಳು ಆರಿಸಿಕೊಂಡು ಹೇಳಬಹುದಾಗಿದ್ದ ಮಾತನ್ನು ಯಾರೋ ಎರಡೇ ನಿಮಿಷದಲ್ಲಿ ಊರ ಸ್ವತ್ತು ಮಾಡಿಬಿಟ್ಟಿದ್ದರು. ಈಗ ಅವಳು ಕೆಮ್ಮಿದರೂ ಗರ್ಭಕೋಶ, ನಕ್ಕರೂ ಗರ್ಭಕೋಶ!

ಸಂಜೆ ಮನೆಗೆ ಬಂದಾಗ ಅತ್ತಿಗೆ ಸ್ನಾನಕ್ಕೆ ಹೋಗಿದ್ದರು. ಮೇಜಿನ ಮೇಲಿದ್ದ ಅತ್ತಿಗೆಯ ಮೊಬೈಲ್ ರಿಂಗಾಯಿತು. 'ಟೈಲರ್' ಎಂದಿತ್ತು.

ಈ ಟೈಲರ್ ಒಬ್ಬ! ತಿಂಗಳಿಂದ ಫೋನ್ ಮಾಡುತ್ತಲೇ ಇದ್ದ. ಕಿಟಕಿಯ ಪರದೆ ಹೊಲಿಯಲು ಕೊಟ್ಟಿದ್ದೇನೆ ಎಂದು ಅತ್ತಿಗೆ ಹೇಳುತ್ತಿದ್ದರು. ಫೋನ್ ಬಂದಾಗಲೆಲ್ಲ ಬಾಲ್ಕನಿಗೆ ಹೋಗಿ ಮಾತಾಡುತ್ತಿದ್ದರು. ಮನೆಯಲ್ಲಿದ್ದದ್ದು ಎರಡು ಕಿಟಕಿ. ಪರದೆ ಮಾತ್ರ ಇಂದಿಗೂ ಬಂದಿರಲಿಲ್ಲ.

ಅವಳು ಫೋನ್ ಎತ್ತಿದಳು. "ಹಲೋ?"

"ಟೈಲರ್ ಅಂಗಡಿಯಿಂದ. ಪರದೆ ರೆಡಿ ಇದೆ. ಬುಧವಾರ ಬಂದು ತಗೊಂಡು ಹೋಗಬೇಕು ಅಂತ ಮನೆಯವರಿಗೆ ಹೇಳ್ತೀರಾ?"

ಆ ದನಿ! ಆ ತಗ್ಗಿದ, ವಿನಯದ, ಸುಳ್ಳು ದನಿ!

"ಏನ್ರೀ... ಆಸ್ಪತ್ರೆ ಬಿಟ್ಟು ಯಾವಾಗ ಹೊಲಿಗೆ ಮಿಷನ್ ತಗೊಂಡ್ರಿ?"

ಫೋನ್ ಕಟ್ಟಾಯಿತು.

ಅತ್ತಿಗೆ... ಬಾಲ್ಕನಿ... ಸುಳ್ಳು ಹೆಸರು... ತಿಂಗಳಿಂದ! ನನ್ನ ಅಣ್ಣ ಬಾಯಿಬಡುಕನೇ ಇರಬಹುದು, ಆದರೆ ಅತ್ತಿಗೆಯ ಮೇಲೆ ಪ್ರಾಣ ಇಟ್ಟುಕೊಂಡಿರುವವನು. ಅವನ ಮನೆ ಮುರಿಯೋಕೆ ನಿಂತಿದ್ದಾನಾ ಈ ಕುರ್ಚಿ ಸರಿಸುವ ಸಂಭಾವಿತ?

ಮರುದಿನ ಆಸ್ಪತ್ರೆಯ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದಳು.

"ಏನು ಟೈಲರ್ ಸಾಹೇಬ್ರೇ, ಪರದೆ ಹೇಗಿದೆ?"

ಅವನ ಕೈಯಿಂದ ಸೈಕಲ್ಲಿನ ಬೀಗ ಜಾರಿತು.

"ನಮ್ಮ ಅತ್ತಿಗೆಗೂ ನಿಮಗೂ ಏನು ಸಂಬಂಧ?"

"ಅದಕ್ಕೆ ನಾನು ಉತ್ತರ ಕೊಡಲ್ಲ ಮೇಡಂ."

"ಅಂದ್ರೆ ಏನೋ ಇದೆ!"

"ಇದೆ ಅಂತಲೂ ಹೇಳಲ್ಲ. ಇಲ್ಲ ಅಂತಲೂ ಹೇಳಲ್ಲ. ನನ್ನ ಬಗ್ಗೆ ಏನು ಬೇಕಾದ್ರೂ ಅಂದ್ಕೊಳ್ಳಿ."

"ನಾಚಿಕೆ ಆಗಲ್ವೇನ್ರೀ? ನನ್ನ ಗುಟ್ಟನ್ನ ಬೀದಿಗೆ ಎಸೆಯೋಕೆ ಬಾಯಿ ಬರುತ್ತೆ, ನಿಮ್ಮ ಗುಟ್ಟಿಗೆ ಮಾತ್ರ ಬೀಗ! ಇವತ್ತೇ ಅಣ್ಣನಿಗೆ ಹೇಳ್ತೀನಿ."

ಅವನ ಮುಖ ಸುಣ್ಣದಂತಾಯಿತು. ಮೊದಲ ಬಾರಿ ಅವನ ದನಿ ಏರಿತು.

"ಬೇಡಿ! ನನಗೆ ಏನಾದ್ರೂ ಮಾಡಿ. ನನ್ನ ಕೆಲಸ ಕಳೀರಿ, ಬೇಕಾದ್ರೆ ಕಪಾಳಕ್ಕೆ ಹೊಡೀರಿ. ಆದ್ರೆ ನಿಮಗೆ ಮೊನ್ನೆ ಯಾರೋ ಏನು ಮಾಡಿದ್ರೋ, ಅದನ್ನೇ ನೀವು ಇನ್ನೊಬ್ಬರಿಗೆ ಮಾಡಬೇಡಿ!"

ಹೇಳಿದವನೇ ತುಟಿ ಕಚ್ಚಿಕೊಂಡ. "ಅಷ್ಟು ಕೂಡ ಹೇಳಬಾರದಿತ್ತು..." ಎಂದು ತನಗೆ ತಾನೇ ಗೊಣಗಿದ. ಬೀಗ ಎತ್ತಿಕೊಂಡು ಸೈಕಲ್ ತಳ್ಳಿಕೊಂಡು ಹೊರಟೇ ಹೋದ.

ಅವಳು ಅಲ್ಲೇ ನಿಂತಿದ್ದಳು. ಅವನ ಕಣ್ಣಲ್ಲಿ ಸಿಕ್ಕಿಬಿದ್ದವನ ಹೆದರಿಕೆ ಇರಲಿಲ್ಲ. ಯಾರನ್ನೋ ಕಾಪಾಡುವವನ ಹೆದರಿಕೆ ಇತ್ತು. ನನಗೆ ಯಾರೋ ಮಾಡಿದ್ದನ್ನ... ಅತ್ತಿಗೆಗೆ?

ಅವಳು ನೇರ ಮನೆಗೆ ಹೊರಟಳು.

*

ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅವಳು ಬಾಗಿಲು ಹಾಕಿ ಚಿಲಕ ಸೇರಿಸಿದಳು.

"ಅತ್ತಿಗೆ, ಟೈಲರ್ ಯಾರು ಅಂತ ನನಗೆ ಗೊತ್ತಾಯ್ತು."

ಸೋಪು ಹಚ್ಚಿದ ತಟ್ಟೆ ತೊಟ್ಟಿಗೆ ಬಿತ್ತು. ಅತ್ತಿಗೆ ತಿರುಗಲಿಲ್ಲ. "ಆ ಹುಡುಗ ಹೇಳಿಬಿಟ್ನಾ?"

"ಇಲ್ಲ. ಕಪಾಳಕ್ಕೆ ಹೊಡೀರಿ ಅಂದ, ಹೇಳಲಿಲ್ಲ. ನೀವೇ ಹೇಳಿ ಅತ್ತಿಗೆ. ಏನಾಗಿದೆ ನಿಮಗೆ?"

ಅತ್ತಿಗೆ ನಿಧಾನವಾಗಿ ತಿರುಗಿದರು. ಒದ್ದೆ ಕೈಯನ್ನು ಎದೆಯ ಎಡಭಾಗದ ಮೇಲಿಟ್ಟುಕೊಂಡರು.

"ಇಲ್ಲೊಂದು ಗಂಟು, ಪುಟ್ಟಿ... ನಮ್ಮಮ್ಮನಿಗೂ ಇಲ್ಲೇ ಇತ್ತು. ಆಪರೇಷನ್ನಿಗೆ ಒಳಗೆ ಹೋದವಳು ವಾಪಸ್ ಬರಲಿಲ್ಲ."

"ಅತ್ತಿಗೇ..."

"ಒಂದು ಸಲ ಡೇಟ್ ಕೊಟ್ರು, ನಾನು ಹೋಗಲಿಲ್ಲ. ಆ ಹುಡುಗ ಬೈಯಲಿಲ್ಲ ಕಣೇ. 'ನಿಮ್ಮ ಫೋನ್ ಬೇರೆ ಯಾರಾದ್ರೂ ಎತ್ತಿದ್ರೆ ಏನು ಹೇಳ್ಲಿ' ಅಂತ ಕೇಳ್ದ. ನಾನೇ ಪರದೆ ಅಂತ ಹೇಳ್ಕೊಟ್ಟೆ. ಎರಡನೇ ಸಲ ಮೊನ್ನೆ ಬುಧವಾರ. ಥಿಯೇಟರ್ ಬಾಗಿಲ ತನಕ ಹೋಗಿ ಓಡಿಬಂದೆ. ಅವನು ತನ್ನ ಮೇಜು ಬಿಟ್ಟು ಬಂದು, ಪಕ್ಕದ ರೂಮಲ್ಲಿ ನನ್ನನ್ನ ಕೂರಿಸಿ, ನಾನು ಅಳೋದು ನಿಲ್ಲಿಸೋವರೆಗೂ ಅಲ್ಲೇ ಕೂತಿದ್ದ."

ಬುಧವಾರ... ಮೇಜು ಬಿಟ್ಟು...

"ಅದೇ ಹೊತ್ತಿಗೆ ಹೊರಗಡೆ ಆ ದೊಡ್ಡ ಸರ್ಜನ್ ಅವನ ಫೋನ್ ಎತ್ಕೊಂಡು ಯಾರಿಗೋ ಕಿರುಚ್ತಾ ಇದ್ರು. ಗಡ್ಡೆ ಅಂತೆ, ರಕ್ತ ಅಂತೆ... ಯಾರ ವಿಷಯವೋ ಪಾಪ! ಈ ಹುಡುಗ 'ಅಯ್ಯೋ' ಅಂತ ಎದ್ದು ಓಡಿದ. ಅಷ್ಟರಲ್ಲಿ ಫೋನ್ ಇಟ್ಟಾಗಿತ್ತು."

"ಯಾರದ್ದೋ ಅಲ್ಲ ಅತ್ತಿಗೆ." ಅವಳು ನಲ್ಲಿ ನಿಲ್ಲಿಸಿದಳು. "ನನ್ನದೇ."

ಅಡುಗೆಮನೆಯ ನೆಲದ ಮೇಲೆ ಇಬ್ಬರೂ ಕುಳಿತುಬಿಟ್ಟರು. ಒಂದೇ ಮನೆ, ಒಂದೇ ಆಸ್ಪತ್ರೆ, ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಒಂದೇ ಮೆಟ್ಟಿಲು ಹತ್ತಿಳಿದಿದ್ದರು! ಅತ್ತರು. ಆಮೇಲೆ ಪರದೆಯ ನೆನಪಾಗಿ ನಕ್ಕರು. ಮತ್ತೆ ಅತ್ತರು.

'ಮತ್ತೆಲ್ಲಿದ್ರಿ?' ಎಂದು ಕಾಯುವ ಜನರ ಮುಂದೆ ಅವಳು ಕಿರುಚಿದ್ದಳು. 'ಹೆದರಿ ಓಡಿಬಂದ ಒಬ್ಬ ಪೇಶಂಟಿನ ಕಣ್ಣೀರು ಒರೆಸುತ್ತಿದ್ದೆ' ಎಂದಿದ್ದರೆ ಆ ಕ್ಷಣವೇ ಅವನು ಗೆಲ್ಲುತ್ತಿದ್ದ. ಹೇಳಲಿಲ್ಲ. ಸುಳ್ಳುಗಾರ ಎನಿಸಿಕೊಂಡ, ಮನೆಮುರುಕ ಎನಿಸಿಕೊಂಡ. ಬಾಯಿ ಬಿಡಲಿಲ್ಲ ಪುಣ್ಯಾತ್ಮ!

ಅವಳ ಎದೆಯಲ್ಲಿ ಏನೋ ಕರಗಿತು. ಅದರ ಪಕ್ಕದಲ್ಲೇ ಸಿಟ್ಟು ಇನ್ನೂ ಇತ್ತು, ಈ ಸಲ ಸರಿಯಾದ ವಿಳಾಸ ಹುಡುಕಿಕೊಂಡು.

"ಏಳಿ ಅತ್ತಿಗೆ. ಬುಧವಾರ ಇಬ್ಬರೂ ಹೋಗ್ತಿದ್ದೀವಿ. ಅದಕ್ಕೆ ಮುಂಚೆ ನನಗೆ ಒಬ್ಬರ ಹತ್ರ ಮಾತಾಡೋದಿದೆ."

*

ಸರ್ಜನ್ ಸಾಹೇಬರು ವಾರ್ಡಿನ ಕಾರಿಡಾರಿನಲ್ಲಿ ನರ್ಸುಗಳ ನಡುವೆ ನಿಂತಿದ್ದರು. ಡೆಸ್ಕಿನವನೂ ಫೈಲು ಹಿಡಿದು ಪಕ್ಕದಲ್ಲಿದ್ದ. ಅವಳನ್ನು ಕಂಡು ಅವನ ಕಣ್ಣು ಅಗಲವಾಯಿತು.

"ಸರ್, ಬುಧವಾರ ನಮ್ಮ ಸ್ಕೂಲಿಗೆ ಫೋನ್ ಮಾಡಿದ್ದು ನೀವಂತೆ."

"ಹೌದಮ್ಮ, ಏನೀಗ? ಪೇಶಂಟ್ ಬರದಿದ್ರೆ ಥಿಯೇಟರ್ ಖಾಲಿ, ಎಲ್ಲರ ಟೈಮೂ ಹಾಳು. ಸಿಟ್ಟು ಬಂತು, ಮಾಡ್ದೆ."

"ತಾರೀಖು ಬದಲಾಯಿಸಿದ್ದು ನನಗೆ ಯಾರು ಹೇಳಿದ್ರು ಸರ್?"

ಅವರು ನರ್ಸಿನ ಮುಖ ನೋಡಿದರು. ನರ್ಸ್ ಡೆಸ್ಕಿನವನ ಮುಖ ನೋಡಿದಳು. ಅವನು ಸರ್ಜನ್ನರನ್ನೇ ನೋಡಿದ.

"ಸರಿ ಬಿಡಮ್ಮ, ಅದೇನು ದೊಡ್ಡ ವಿಷಯ? ಕಾಯಿಲೆ ಎಲ್ಲರಿಗೂ ಬರುತ್ತೆ. ಡಾಕ್ಟರ್ ಹತ್ರ ಎಂಥಾ ಮುಚ್ಚುಮರೆ?"

"ಡಾಕ್ಟರ್ ಹತ್ರ ಇಲ್ಲ ಸರ್. ಇರಲಿಲ್ಲ ಅಂತಲೇ ಒಡಹುಟ್ಟಿದ ಅಣ್ಣನಿಗೂ ಹೇಳದ್ದನ್ನ ನಿಮ್ಮ ಮುಂದೆ ಹೇಳಿದ್ದು. ನೀವು ಅದನ್ನ ತಗೊಂಡೋಗಿ ಸಿಗ್ನಲ್ ಪಾಠಕ್ಕೆ ಬಂದೋರಿಗೆ ಹಂಚಿದ್ರಿ! ನನ್ನ ಕಾರಿನ ಕೀಲಿ ಕಿತ್ಕೊಂಡ್ರು ಗೊತ್ತಾ?" ಅವಳು ದನಿ ಏರಿಸಿದಳು. "ಹೋಗ್ಲಿ, ದೊಡ್ಡ ವಿಷಯ ಅಲ್ಲ ಅಂದ್ರಲ್ಲ... ಸರ್, ನಿಮಗೆ ಮೂಲವ್ಯಾಧಿ ಇದೆಯಾ?"

ನರ್ಸುಗಳೆಲ್ಲ ಒಟ್ಟಿಗೇ ಸರ್ಜನ್ನರತ್ತ ತಿರುಗಿದರು.

"ಏ... ಏನಂದೆ?"

"ಕಾಯಿಲೆ ಎಲ್ಲರಿಗೂ ಬರುತ್ತಲ್ಲ ಸರ್! ಇದೆಯಾ, ಇಲ್ವಾ? ಹಲ್ಲು ಎಷ್ಟು ನಿಮ್ಮದು, ಎಷ್ಟು ಕಟ್ಟಿಸಿದ್ದು? ರಾತ್ರಿ ಎಷ್ಟು ಸಲ ಏಳ್ತೀರಿ? ಹೇಳಿ, ಇವರೆಲ್ಲ ಕೇಳಿಸ್ಕೊಳ್ಳಲಿ!"

ಒಬ್ಬ ನರ್ಸ್ ಕೆಮ್ಮುವ ನೆಪದಲ್ಲಿ ಗೋಡೆಗೆ ತಿರುಗಿದಳು. ಸರ್ಜನ್ನರ ಕೈ ತನ್ನಷ್ಟಕ್ಕೆ ಬಾಯಿಯ ಹತ್ತಿರ ಹೋಗಿ ಹಲ್ಲು ಮುಚ್ಚಿತು. ಕಿವಿಯ ತುದಿ ಕೆಂಪಾಯಿತು. ಅವಳಿಗಷ್ಟೇ ಕೇಳುವಂತೆ ಹೇಳಿದರು.

"ತಪ್ಪಾಯ್ತಮ್ಮ."

"ನೋಡಿ, ಇಷ್ಟು ಮೆಲ್ಲಗೆ ಮಾತಾಡೋಕೆ ಬರುತ್ತಲ್ಲ ಸರ್ ನಿಮಗೆ!"

ಅವರು ತಲೆ ತಗ್ಗಿಸಿದರು. ಇನ್ನು ಮೇಲೆ ತಾರೀಖು ಬದಲಾದರೆ ಡೆಸ್ಕಿನಿಂದ ನೇರ ರೋಗಿಗೇ ಹೇಳಬೇಕು, ಬೇರೆ ಯಾರು ಫೋನ್ ಎತ್ತಿದರೂ ಕಾಯಿಲೆಯ ಮಾತು ಬರಕೂಡದು ಎಂದು ಅಲ್ಲೇ ನಿಂತು ಎಲ್ಲರಿಗೂ ಹೇಳಿದರು. ನಂತರ ಅಳುಕುತ್ತಾ ಕೇಳಿದರು, "ಆಪರೇಷನ್... ಬೇರೆ ಕಡೆ ಮಾಡಿಸ್ಕೋತೀಯಾ?"

"ಇಲ್ಲ. ನಿಮ್ಮ ಕೈ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ. ನಿಮ್ಮ ಕೈ ಮೇಲೆ ನಂಬಿಕೆ ಇದೆ ಸರ್, ಬಾಯಿ ಮೇಲೆ ಇಲ್ಲ. ಮಾಡುವಾಗ ಬಾಯಿಗೆ ಹೇಗೂ ಮಾಸ್ಕ್ ಇರುತ್ತೆ."

ಡೆಸ್ಕಿನವನು ಅವಳ ಹಿಂದೆಯೇ ಮೆಟ್ಟಿಲವರೆಗೆ ಬಂದ.

"ಯಾಕೆ ಹೇಳಲಿಲ್ಲ?" ಅವಳು ತಿರುಗಿ ಕೇಳಿದಳು. "ನೀವಿದ್ದ ಜಾಗದ ವಿಷಯ ಬಿಡಿ, ಅದು ಅರ್ಥವಾಯ್ತು. ಫೋನ್ ಮಾಡಿದ್ದು ಡಾಕ್ಟರ್ ಅಂತ ಹೇಳಬಹುದಿತ್ತಲ್ಲ?"

"ನೀವು ಅವರ ಮುಂದೆ ಮಲಗಬೇಕಿತ್ತು. ಅವರ ಮೇಲೆ ಸಿಟ್ಟಾದ್ರೆ ಆಪರೇಷನ್ನೇ ಬಿಟ್ಟುಬಿಡ್ತೀರಿ ಅಂತ ಹೆದರಿಕೆ. ಆ ಸಿಟ್ಟು ನನ್ನ ಮೇಲೇ ಇರಲಿ ಅಂದ್ಕೊಂಡೆ."

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು? ಒಬ್ಬರು ನನ್ನ ವಿಷಯ ಊರಿಗೆಲ್ಲ ಹೇಳಿದ್ರು. ನೀವು ನನ್ನ ವಿಷಯ ನನಗೇ ಹೇಳಲಿಲ್ಲ! ಯಾರೂ ನನ್ನನ್ನ ಒಂದು ಮಾತು ಕೇಳಲ್ವಲ್ಲ!"

ಅವನು ಪೆಚ್ಚಾಗಿ ನಿಂತ. "ಹೌದು. ಅದು ನನ್ನ ತಪ್ಪೇ. ಇನ್ನೊಮ್ಮೆ ಮಾಡಲ್ಲ."

ಅವನು ವಾದಿಸಿದ್ದರೆ ಅವಳು ಇನ್ನಷ್ಟು ಜಗಳವಾಡುತ್ತಿದ್ದಳು. ಹೀಗೆ ಒಪ್ಪಿಕೊಂಡವನನ್ನು ಬೈಯುವುದಾದರೂ ಹೇಗೆ?

"ಮತ್ತೇನಾದ್ರೂ ಮುಚ್ಚಿಟ್ಟಿದ್ದೀರಾ?"

ಅವನು ಅವಳ ಮುಖ ನೋಡಿದ. ನೋಟ ತಗ್ಗಿತು, ಮತ್ತೆ ಏರಿತು. "ಒಂದು ಮಾತಿದೆ. ಈಗ ಹೇಳಲ್ಲ. ಈಗ ನೀವು ಇಲ್ಲಿನ ಪೇಶಂಟು. ನಿಮ್ಮದು ನನಗೆ ಎಲ್ಲಾ ಗೊತ್ತು, ನನ್ನದು ನಿಮಗೆ ಏನೂ ಗೊತ್ತಿಲ್ಲ. ಹಾಗಿರುವಾಗ ಹೇಳೋದು ನ್ಯಾಯ ಅಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಮೈಯಲ್ಲಿ ರಕ್ತ ಕಡಿಮೆ ಎಂದವರು ಯಾರು?

*

ಬುಧವಾರ ಎರಡು ಬಾಗಿಲುಗಳೊಳಗೆ ಇಬ್ಬರೂ ಹೋದರು. ಅಣ್ಣನಿಗೆ ಅತ್ತಿಗೆಯೇ ಹಿಂದಿನ ದಿನ ಕೂರಿಸಿಕೊಂಡು ಹೇಳಿದ್ದರು, ತಂಗಿಯೂ ಹೇಳಿದ್ದಳು. ಬಾಯಿಬಡುಕ ಅಣ್ಣ ಆ ದಿನವಿಡೀ ಹೊರಗಿನ ಬೆಂಚಿನ ಮೇಲೆ ಒಂದು ಮಾತೂ ಆಡದೆ, ಹೆಂಡತಿಯ ಚಪ್ಪಲಿ, ತಂಗಿಯ ಚಪ್ಪಲಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ.

ಅತ್ತಿಗೆಯ ಗಂಟು ಅಪಾಯದ್ದಲ್ಲ ಎಂದು ವರದಿ ಬಂತು. ಇವಳ ಗಡ್ಡೆಯೂ ಹೋಯಿತು.

ಆದರೆ ಅವನು? ವಾರ್ಡಿಗೆ ಒಮ್ಮೆಯೂ ಬರಲಿಲ್ಲ! ಬಾಗಿಲು ಕಿರ್ ಎಂದಾಗಲೆಲ್ಲ ಅವಳು ತಲೆಗೂದಲು ಸರಿಮಾಡಿಕೊಂಡದ್ದೇ ಬಂತು. ಮನೆಗೆ ಹೋದ ಮೇಲೂ ಹೊಲಿಗೆ ಬಿಚ್ಚುವ ದಿನ ನೆನಪಿಸಲು ಒಂದೇ ಫೋನ್, ಅದೂ ಎರಡೇ ವಾಕ್ಯ. 'ಮಾತಿದೆ' ಅಂದವನು ಮರೆತೇಬಿಟ್ಟನಾ? ಸುಮ್ಮನೆ ಅಂದದ್ದಾ? ಕಟ್ಟೆಯೊಡೆಯುವ ಸಿಟ್ಟನ್ನು ಅವಳು ದಿಂಬಿಗೆ ಗುದ್ದಿ ತೀರಿಸಿಕೊಂಡಳು.

ಕೊನೆಯ ತಪಾಸಣೆಯಲ್ಲಿ ಸರ್ಜನ್ನರು ಬಾಗಿಲು ಮುಚ್ಚಿದೆಯೇ ಎಂದು ನೋಡಿ, ಮೆಲುದನಿಯಲ್ಲಿ ಹೇಳಿದರು. "ಎಲ್ಲಾ ಸರಿ ಇದೆಯಮ್ಮ. ಇನ್ನು ಇಲ್ಲಿಗೆ ಬರೋದು ಬೇಡ. ಗಾಡಿ ಓಡಿಸಬಹುದು."

ಮಾಲೀಕರು ಕೀಲಿ ವಾಪಸ್ ಕೊಟ್ಟರು. ಬಿಸಿನೀರು ಕೊಡಲು ಬಂದಾಗ ಅವಳು ಕಣ್ಣು ಬಿಟ್ಟ ರೀತಿಗೆ ತಾವೇ ಕುಡಿದರು.

ಮರುದಿನ ಬೆಳಿಗ್ಗೆ ಕಾರಿನ ಪಕ್ಕದಲ್ಲಿ ಹೊಸಬನೊಬ್ಬ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಹೆದರಿದ ಮುಖ.

"ಕಾರು ಕಲೀಬೇಕಿತ್ತು ಮೇಡಂ."

ಅವಳ ಹೃದಯ ಬ್ರೇಕ್ ಇಲ್ಲದ ಗಾಡಿಯಾಯಿತು. ಮುಖ ಮಾತ್ರ ಗಂಟಿಕ್ಕಿಕೊಂಡಳು. "ಆಸ್ಪತ್ರೇಲಿ ಮಲಗಿದ್ದಾಗ ನೋಡೋಕೆ ಪುರುಸೊತ್ತು ಇರಲಿಲ್ಲ, ಈಗ ಕಾರು ಕಲೀಬೇಕಾ? ಹತ್ತಿ!"

ಅವನು ಗೇರು ಹಾಕಲು ಹೋಗಿ ವೈಪರ್ ಹಾಕಿದ. ಕಾರು ಜಿಗಿದು ನಿಂತಿತು. ಅವಳು ಪಕ್ಕದ ಮೈದಾನದ ಅಂಚಿಗೆ ಗಾಡಿ ನಿಲ್ಲಿಸಲು ಹೇಳಿದಳು.

"ವಾರ್ಡಿಗೆ ಬರೋ ಆಸೆ ಇತ್ತು," ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದೇ ಅವನು ಹೇಳಿದ. "ಬಂದಿದ್ರೆ ನರ್ಸುಗಳು ಮಾತಾಡ್ತಿದ್ರು. ಅದೂ ನಿಮ್ಮದೇ ಗುಟ್ಟಾಗ್ತಿತ್ತು. ನಿನ್ನೆ ನಿಮ್ಮ ಫೈಲ್ ಮುಚ್ಚಿದ್ರು. ಅದಕ್ಕೆ ಇವತ್ತು ಬಂದೆ. ಮೊದಲು ನನ್ನ ವಿಷಯ ಹೇಳ್ತೀನಿ. ನಾನು ಗೊರಕೆ ಹೊಡೀತೀನಿ. ರಕ್ತ ನೋಡಿದ್ರೆ ತಲೆ ತಿರುಗುತ್ತೆ, ಅದಕ್ಕೇ ಡೆಸ್ಕಲ್ಲಿ ಇರ್ತೀನಿ. ನೀವು ಕೂತಿರೋ ಕಡೆಯ ಕಿವಿ ನನಗೆ ಚಿಕ್ಕಂದಿನಿಂದಲೂ ಅಷ್ಟಾಗಿ ಕೇಳಿಸಲ್ಲ. ಇದನ್ನ ಯಾರಿಗೂ ಹೇಳಿಲ್ಲ. ಇನ್ನು... ನೀವು ಕೌಂಟರ್ ಮೇಲೆ ಕೀಲಿ ಬಡಿದ ದಿನದಿಂದ, ಈ ಸಿಟ್ಟು ಜೀವನವಿಡೀ ನನ್ನ ಪಕ್ಕದಲ್ಲೇ ಇರಲಿ ಅನ್ನಿಸ್ತಿದೆ. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಇಷ್ಟೇ. ಈಗ ನೀವೇ ತೀರ್ಮಾನ ಮಾಡಿ."

ಅವಳ ಕಣ್ಣು ತುಂಬಿತು. ಕಿಟಕಿಯ ಕಡೆ ತಿರುಗಿ, ಉಸಿರಿನಷ್ಟು ಮೆಲ್ಲಗೆ ಹೇಳಿದಳು. ಅವನು ಗಾಬರಿಯಿಂದ ಅವಳತ್ತ ಬಾಗಿದ.

"ಕೇಳಿಸಲಿಲ್ಲ... ಆ ಕಡೆಯ ಕಿವಿ ಅಲ್ವಾ. ಬೇಡ ಅಂದ್ರಾ?"

"ಅಯ್ಯೋ ದೇವರೇ! ನನಗೂ ನೀವು ಇಷ್ಟ ಕಣ್ರೀ! ನಿಮ್ಮನ್ನ ಬಿಟ್ಟು ನನಗೆ ಬೇರೆ ಯಾರೂ ಬೇಡ!"

ಕಾರಿನ ಕಿಟಕಿಗಳೆಲ್ಲ ತೆರೆದಿದ್ದವು. ಮೈದಾನದಲ್ಲಿ ನಡೆಯುತ್ತಿದ್ದವರು ನಿಂತು ತಿರುಗಿದರು. ಸಿಗ್ನಲ್ ಪಾಠಕ್ಕೆ ಹೊರಟಿದ್ದ ಇಬ್ಬರು ಬಾಯಿ ಬಿಟ್ಟುಕೊಂಡು ನೋಡಿದರು. ಅವನ ಮುಖವೆಲ್ಲ ನಗು, ಕಣ್ಣೆಲ್ಲ ನೀರು.

"ಎಲ್ಲರಿಗೂ ಕೇಳಿಸಿಬಿಡ್ತಲ್ರೀ..." ಎಂದ ಮೆಲ್ಲಗೆ.

ಅವಳು ಸ್ಟಿಯರಿಂಗಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಕೇಳಿಸ್ಲಿ ಬಿಡಿ. ಹೇಳಿದ್ದು ನಾನೇ ತಾನೆ?"